ಬೀದಿಗೇ ದೊಡ್ಡ ಗರಗಸ

ತುಮಕೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನು ತೋರಿಸುವ ಚೆಲುವಾಚಾರಿ ಮೊದಲು ಬಡಗಿ. ದೊಡ್ಡ ಕರೆಂಟು ಗರಗಸವೊಂದು ಅವನ ಅರ್ಧ ಬೆರಳು ನುಂಗಿ, ಅವನನ್ನು ಅಂಗಡಿಗೆ ಅಟ್ಟಿತ್ತು.

ಒಂದು ದಿನ ರಿಟೈರ್ಡ್ ತಹಸೀಲ್ದಾರ್ ಪುಟ್ಟಮಾದಯ್ಯನವರು ಬಂದರು. "ಮೊಮ್ಮಗಳಿಗೊಂದು ಮಣೆ ಮಾಡಬೇಕು. ಇರೋದರಲ್ಲೇ ದೊಡ್ಡ ಗರಗಸ, ಅಂಚು ಕೊರೆಯೋಕೆ ದೊಡ್ಡ ರೂಟರ್ ತೆಗಿ. ಅಂಥದ್ದು ನಮ್ಮ ಬೀದೀಲಿ ಬೇರೆ ಯಾರ ಹತ್ರಾನೂ ಇರಬಾರದು!"

"ಮಣೆಗೆ ಚಿಕ್ಕದು ಸಾಕಲ್ವಾ ಸ್ವಾಮಿ?"

"ನನಗೇ ಹೇಳಿಕೊಡ್ತೀಯಾ?" ಎಂದು ಗದರಿದರು. ಎತ್ತಿದ ಕೈ ಮಾತ್ರ ವಯಸ್ಸಿಗೆ ನಡುಗುತ್ತಿತ್ತು.

ಆಚಾರಿ ನೋಡಿದ. ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ.

"ತಗೊಂಡು ಹೋಗಿ ಸ್ವಾಮಿ, ಬೀದಿಗೇ ಉಪಕಾರ. ಬಾಗಿಲು ಕುಯ್ಯೋಕೆ ಒಬ್ರು, ಮಂಚಕ್ಕೆ ಇನ್ನೊಬ್ರು ಕೇಳ್ಕೊಂಡು ಬರ್ತಾರೆ. ಇಷ್ಟು ದೊಡ್ಡದು ಇಟ್ಕೊಂಡು ಇಲ್ಲ ಅನ್ನೋಕಾಗುತ್ತಾ?"

ಪುಟ್ಟಮಾದಯ್ಯನವರ ಮುಖ ಇಳಿಯಿತು. ಯುಗಾದಿಗೆ ಎರವಲು ಕೊಟ್ಟ ಅವರ ಏಣಿ ಇನ್ನೂ ಎದುರು ಮನೆಯಲ್ಲೇ ಇತ್ತು.

"ಚಿಕ್ಕದಾದ್ರೆ?"

"ಮಣೆ ಆಗುತ್ತೆ. ಬಾಗಿಲಿಗೆ ಅಂತ ಯಾರೂ ಕೇಳಲ್ಲ."

ಮೆಲ್ಲಗೆ ಕುಯ್ಯುವ ಸಣ್ಣ ಗರಗಸ, ಅಂಗೈಯಗಲದ ರೂಟರ್ ಆರಿಸಿಕೊಂಡು ಅವರು ದನಿ ತಗ್ಗಿಸಿದರು. "ಕಾಣದ ಹಾಗೆ ಪೇಪರು ಸುತ್ತಿಕೊಡಪ್ಪ. ಯಾರಾದ್ರೂ ಕೇಳಿದ್ರೆ ಮಿಕ್ಸಿ ಅಂತೀನಿ."

ಆಚಾರಿ ಅರ್ಧ ಬೆರಳಲ್ಲೇ ದಾರ ಒತ್ತಿಹಿಡಿದು ಗಂಟು ಬಿಗಿದ.

"ಹಾಗನ್ನಬೇಡಿ ಸ್ವಾಮಿ. ಮಿಕ್ಸಿ ಅಂದ್ರೆ ಇವತ್ತೇ ಬರ್ತಾರೆ."