ಸೇಬಿನ ಸಸಿಗೆ ಕೂಲರ್

ಮಡಿಕೇರಿಯಿಂದ ಕಲಬುರಗಿಗೆ ವರ್ಗವಾಗಿ ಬಂದ ಸಾಹೇಬರು ಬಿರುಬೇಸಿಗೆಯಲ್ಲೇ ಬಂಗಲೆಯ ತೋಟಕ್ಕೆ ಸೇಬಿನ ಸಸಿ ತರಿಸಿದರು. "ನುಗ್ಗೆ, ಬದನೆ ಯಾರಾದರೂ ಬೆಳೆಸುತ್ತಾರೆ. ಇದನ್ನು ನೆಡು. ಒಣಗಿದರೆ ನಿನ್ನ ನೌಕರಿ ಹೋಯಿತು!" ಎಂದು ಮಾಲಿಯನ್ನು ಗದರಿಸಿ ಕಚೇರಿಗೆ ಹೋದರು.

ಮಾಲಿ ಸಸಿ ನೆಟ್ಟ. ಸಾಹೇಬರ ಕೋಣೆಯ ಕೂಲರ್ ಹೊತ್ತು ತಂದು ಅದರ ಮುಂದಿಟ್ಟ.

ಮಧ್ಯಾಹ್ನ ಊಟಕ್ಕೆ ಬಂದ ಸಾಹೇಬರು ಬೆವರು ಸುರಿಸುತ್ತ ಹೊರಗೆ ಓಡಿಬಂದರು. "ನನ್ನ ಕೂಲರ್ ಎಲ್ಲೋ?"

"ಸಸಿಗೆ ಹಚ್ಚೀನ್ರೀ ಸಾಹೇಬ್ರ. ಥಂಡಿ ನಾಡಿಂದು ಪಾಪ, ಈ ಬಿಸಲು ತಡಿಯಂಗಿಲ್ಲ."

"ನಾನು ತಡೀತೀನೇನೋ?"

"ತಡಿಲಿಕ್ಕಾಗದಿದ್ರ ನಿಮಗ ವರ್ಗಾ ಅದರೀ. ಅದಕ್ಕ ಎಲ್ಲದ?"

ಸಾಹೇಬರು ಸಸಿಯನ್ನು ನೋಡಿದರು, ಹಣೆ ಒರೆಸಿಕೊಂಡರು. "ಮೊದಲು ಕೂಲರ್ ಒಳಗಿಡು. ಈ ಮಣ್ಣಿಗೆ ಏನು ಒಗ್ಗುತ್ತದೋ ಅದನ್ನೇ ಬೆಳೆಸು ಮಾರಾಯ."

ಸೇಬು ಬಾಡಿತು. ಆ ಗುಂಡಿಯಲ್ಲಿ ಮಾಲಿ ಕರಿಬೇವು ನೆಟ್ಟ. ನೌಕರಿ ಉಳಿಯಿತು.