ಕೊಳ್ಳಿಗುಡ್ಡದ ಮಾಯವ್ವ

ಹಿರೇಮರಡಿಯ ಬಂಡಿದಾರಿ ಹಳ್ಳ ದಾಟಿದೊಡನೆ ಎದುರಿಗೆ ಕಾಣುವುದೇ ಕೊಳ್ಳಿಗುಡ್ಡ. ಮಲಗಿದ ಎತ್ತಿನ ಡುಬ್ಬದಂತಿರುವ ಈ ಬೋಳು ಗುಡ್ಡದಲ್ಲಿ ಹುಲ್ಲು, ಕಾರೆಮುಳ್ಳು ಬಿಟ್ಟರೆ ಬೇರೇನೂ ಇಲ್ಲ. ಕೊಳ್ಳಿದೆವ್ವ ಓಡಾಡುವುದರಿಂದ ಈ ಹೆಸರು ಬಂತೆಂದು ಹೊರಗಿನವರು ಹೇಳುವುದುಂಟು. ಊರಿನ ಹಿರಿಯರು ಅದಕ್ಕೆ ನಗುತ್ತಾರೆ. ಕೊಳ್ಳಿ ಹಿಡಿದದ್ದು ದೆವ್ವವಲ್ಲ, ಕುರುಬರ ಮಾಯವ್ವ ಎನ್ನುತ್ತಾರೆ.

ಹಿಂದೆ ಒಮ್ಮೆ, ಜಗತ್ತಿಗೆಲ್ಲ ಲಡಾಯಿ ಹತ್ತಿದ್ದ ಕಾಲದಲ್ಲಿ, ಮಾಯವ್ವ ಗಂಡ ಲಕ್ಕಪ್ಪನೊಡನೆ ಈ ಗುಡ್ಡದ ನೆತ್ತಿಯ ಮಗ್ಗುಲಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದಳು. ಆ ದಿನಗಳಲ್ಲಿ ಕತ್ತಲಾಯಿತೆಂದರೆ ಪಡುವಣದಿಂದ ಎರಡು ಪುಟ್ಟ ವಿಮಾನಗಳು ಬರುತ್ತಿದ್ದವು. ಒಂದು ಹೋಗಿ ಎಲೆಅಡಿಕೆ ಅಗಿದು ಉಗುಳುವಷ್ಟರಲ್ಲಿ ಇನ್ನೊಂದು. ಇರುಳಲ್ಲಿ ನೆಲಕ್ಕೆ ಹತ್ತಿರವಾಗಿ ಹಾರುವುದನ್ನು ಎಳೆಯ ಸಿಪಾಯಿಗಳು ಹೀಗೆ ಕಲಿಯುತ್ತಿದ್ದರಂತೆ. ಕುರಿಗಳು ಬೆದರಿ ಮುಳ್ಳುಬೇಲಿ ಮುರಿಯುತ್ತಿದ್ದವು. ಮಾಯವ್ವ ಮುಗಿಲಿಗೆ ಮುಖವೆತ್ತಿ ಬಾಯಿ ತುಂಬ ಬೈಯುತ್ತಿದ್ದಳು. ಆದರೆ ಸದ್ದು ಕೇಳಿದೊಡನೆ ನೋಡಲು ಓಡುತ್ತಿದ್ದವಳೂ ಅವಳೇ.

ಒಂದು ಅಮಾವಾಸ್ಯೆಯಂದು ಮೊದಲ ವಿಮಾನ ಎಂದಿಗಿಂತ ಕೆಳಗೆ ಬಂತು. ರೆಕ್ಕೆ ನೆತ್ತಿಯ ಬಂಡೆಗೆ ಬಡಿದು, ವಿಮಾನ ಮೂಡಣ ಬದಿಯ ಕೊರಕಲಿಗೆ ಉರುಳಿ ಭಗ್ಗನೆ ಹೊತ್ತಿಕೊಂಡಿತು. ಗಂಡಹೆಂಡತಿ ಬಿದ್ದೆದ್ದು ಓಡಿದರು. ಲಕ್ಕಪ್ಪ ಕಂಬಳಿ ಹೊದ್ದು ನುಗ್ಗಿ, ಒಳಗಿದ್ದವನನ್ನು ಎಳೆದು ತಂದ. ಮೀಸೆ ಸರಿಯಾಗಿ ಮೂಡದ ಹುಡುಗ, ಉಸಿರು ನಿಂತುಹೋಗಿತ್ತು. ಮಾಯವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳೋ ಇಲ್ಲವೋ, ಪಡುವಣದಲ್ಲಿ ಎರಡನೆಯದರ ಗುಂಯ್ಗುಡುವ ಸದ್ದು! ಬೆಂಕಿಯ ಬೆಳಕು ಕಂಡು, ಏನಾಯಿತೆಂದು ನೋಡಲು ಅದು ಇನ್ನೂ ತಗ್ಗಿ ನೇರ ಇತ್ತಲೇ ಬರುತ್ತಿತ್ತು. ನಡುವೆ ಅಡ್ಡ ನಿಂತ ಕಪ್ಪು ನೆತ್ತಿ ಅದರೊಳಗಿದ್ದವನಿಗೆ ಕಾಣುವಂತಿರಲಿಲ್ಲ.

"ಅಯ್ಯಯ್ಯೋ, ಇದೂ ಬಡೀತೈತಿ!" ಎಂದವಳೇ ಮಾಯವ್ವ, ಉರಿಯುತ್ತಿದ್ದ ಕಾರೆಗಿಡದ ಟೊಂಗೆ ಕಿತ್ತುಕೊಂಡು ನೆತ್ತಿಗೆ ಓಡಿದಳು.

"ಎಲ್ಲಿಗ್ ಹೊಂಟಿ? ನಿನ್ ಮ್ಯಾಲೇ ಬರಾಕತ್ತೈತಿ ಅದು!" ಎಂದು ಲಕ್ಕಪ್ಪ ಕೂಗಿದ.

"ಬರ್ಲಿ ಬಿಡ್ರಿ! ಆ ಕೂಸೂ ಸಾಯಬೇಕೇನು?"

ಬಂಡೆಯ ಮೇಲೆ ನಿಂತು ಅವಳು ಎರಡೂ ಕೈಯಲ್ಲಿ ಕೊಳ್ಳಿ ಬೀಸಿದಳು. ಕಿಡಿ ಹಾರಿ ಸೆರಗಿಗೆ ಹತ್ತಿತು, ಅಂಗೈ ಸುಟ್ಟಿತು, ಆದರೂ ಅವಳು ಕೊಳ್ಳಿ ಬಿಡಲಿಲ್ಲ. "ಮ್ಯಾಕ್ ಹೋಗೋ! ಮ್ಯಾಕ್ ಹೋಗೋ ನನ್ನಪ್ಪಾ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಸದ್ದು ಕಿವಿ ತುಂಬಿತು. ಇನ್ನೇನು ಮೈಮೇಲೆ ಬಿತ್ತು ಎನ್ನುವಾಗ ವಿಮಾನದ ಮೂತಿ ಮೇಲೆದ್ದಿತು. ಗಾಲಿಗಳು ತಲೆಯ ಮೇಲೇ ಹಾದುಹೋದವು. ಆ ಗಾಳಿಗೆ ಅವಳು ಅಂಗಾತ ಬಿದ್ದಳು. ಲಕ್ಕಪ್ಪ ಓಡಿಬಂದು ಸೆರಗಿನ ಬೆಂಕಿ ತಟ್ಟಿ ಆರಿಸುವಾಗ ಅವಳು ಅಳುತ್ತ ನಗುತ್ತ ಮುಗಿಲು ತೋರಿಸುತ್ತಿದ್ದಳು: "ಉಳಕೊಂಡ ನೋಡ್ರಿ! ಉಳಕೊಂಡ!"

ಮರುದಿನ ಸಿಪಾಯಿಗಳು ಬಂದು ಸತ್ತವನನ್ನು ಕೊರಕಲಿನಲ್ಲೇ ಮಣ್ಣು ಮಾಡಿದರು. ಉಳಿದವನೂ ಬಂದಿದ್ದನಂತೆ. ಅವನ ಮಾತು ಇವಳಿಗೆ ತಿಳಿಯದು, ಇವಳ ಮಾತು ಅವನಿಗೆ ತಿಳಿಯದು. ಅವಳ ಸುಟ್ಟ ಕೈಗಳನ್ನು ಕಣ್ಣಿಗೊತ್ತಿಕೊಂಡು ಅವನು ಬಹಳ ಹೊತ್ತು ಕೂತಿದ್ದ ಎನ್ನುತ್ತಾರೆ.

ಗುಡ್ಡಕ್ಕೆ ಹೋದವರು ಇಂದಿಗೂ ಆ ಕೊರಕಲಿನಲ್ಲಿ ಕಲ್ಲಿನ ಗುಪ್ಪೆಯೊಂದನ್ನು ಕಾಣುತ್ತಾರೆ. ಅಡಿಯಲ್ಲಿ ಮಲಗಿದವನ ಹೆಸರು ಯಾರಿಗೂ ಗೊತ್ತಿಲ್ಲ. ಕುರುಬರು ಅದನ್ನು ಮಾಯವ್ವನ ಮಗ ಎಂದೇ ಕರೆಯುತ್ತಾರೆ. ಕುರಿಗಳ ಉಣ್ಣೆ ಕತ್ತರಿಸುವ ಕಾಲಕ್ಕೆ ಮೊದಲ ಹಿಡಿಯನ್ನು ತಂದು ಕಲ್ಲುಗಳ ಸಂದಿಗೆ ಒತ್ತುತ್ತಾರೆ, ಅವನಿಗೆ ಚಳಿಯಾಗಬಾರದೆಂದು.