ತಂಗಿಪಾಲು

“ಗುರುಗಳೇ, ಹೊಳೆಯಲ್ಲಿ ಎಷ್ಟು ನೀರಿದೆಯೆಂದು ಅಳೆದಿದ್ದೇನೆ. ಊರುಗಳು ಕಾಲುವೆಯಿಂದಲೂ ಒರತೆಗಳಿಂದಲೂ ಬಳಸುವ ನೀರನ್ನು ಕೂಡಿಸಿದರೆ ಹೊಳೆಗಿಂತ ಹೆಚ್ಚು ಬರುತ್ತದೆ. ಅದರ ಮೇಲೆ ಮೂರರಲ್ಲಿ ಒಂದು ಪಾಲು ಇಂಗಿ ವ್ಯರ್ಥವೂ ಆಗುತ್ತಿದೆ. ಇದು ಹೇಗೆ? ತಪ್ಪು ನನ್ನ ಅಳತೆಯದೋ, ಹೊಳೆಯದೋ?” ಎಂದು ಶಿಷ್ಯ ಬೋರಲಿಂಗ ಕೇಳಿದ.

ಹೊಳೆಗೆ ಹೊಸ ಒಡ್ಡು, ಹೊಸ ಕಾಲುವೆಗಳ ಯೋಜನೆ ಮಾಡಿಕೊಡೆಂದು ಒಂಬತ್ತು ಊರಿನವರು ಅವನನ್ನು ಕೇಳಿಕೊಂಡಿದ್ದರು. ಮರುದಿನ ಮೊದಲ ಗೂಟ ಹೊಡೆಯಬೇಕಿತ್ತು. ಮೂರು ತಿಂಗಳು ದಡ ಸುತ್ತಿ ಬರೆದ ನಕ್ಷೆ ಕಂಕುಳಲ್ಲಿತ್ತು. ತಲೆ ಮಾತ್ರ ಗೋಜಲಾಗಿತ್ತು. ಗುರು ನಕ್ಷೆ ಬಿಡಿಸಿ ನೋಡಿದರು. ‘ವ್ಯರ್ಥವಾಗುವುದನ್ನು ತಡೆದು ಹೊಸ ಗದ್ದೆಗಳಿಗೆ ಕೊಡತಕ್ಕದ್ದು’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅವರು ಅದನ್ನು ಮಡಿಚಿ ಹಿಂದಕ್ಕೆ ಕೊಟ್ಟು, ಕೂತುಕೋ ಎಂದು ಕತೆ ಹೇಳತೊಡಗಿದರು.

ಒಂದು ರಾಜ್ಯದಲ್ಲಿ ಒಬ್ಬ ಅಧಿಕಾರಿಯಿದ್ದ. ಬುದ್ಧಿವಂತ, ಕೈ ಶುದ್ಧ, ಒಂದು ಹನಿಯೂ ಪೋಲಾಗಬಾರದೆನ್ನುವವನು. ಅಂಥವರು ಎಡವಿದರೆ ಊರೇ ಎಡವುತ್ತದೆ, ಅದಿರಲಿ. ಅರಸ ಅವನನ್ನು ಹೊಳೆಯ ನೀರಿನ ವ್ಯವಸ್ಥೆಗೆ ನೇಮಿಸಿದ.

ಅವನು ಮೇಲಿನ ಊರಿಗೆ ಬಂದಾಗ ಕಾಲುವೆಯ ಹೂಳೆತ್ತುತ್ತಿದ್ದರು. ಊರಿಗೆಲ್ಲ ನೀರು ಹಂಚುವ ನೀರುಗಂಟಿ ನಿಂತು ತಳಕ್ಕೆ ಜೇಡಿಮಣ್ಣು ಮೆತ್ತಿಸುತ್ತಿದ್ದ. ಹೊಂಗೆಮರದ ಬಳಿ ಮಾತ್ರ ಐವತ್ತು ಮಾರು ಜಾಗವನ್ನು ಮೆತ್ತಿಸದೆ ಬರಿಯ ಮರಳಾಗಿಯೇ ಬಿಟ್ಟ. ನೀರು ಹರಿಸಿದಾಗ ಅರ್ಧಕ್ಕರ್ಧ ಅಲ್ಲೇ ಇಂಗಿತು. ಅಧಿಕಾರಿ ನೀರುಗಂಟಿಯನ್ನು ಕರೆದ. ಇದೆಂಥ ಸೋಮಾರಿತನವೆಂದು ಕೇಳಿದ.

“ಅದು ತಂಗಿಪಾಲು ಸ್ವಾಮಿ. ನಮ್ಮಜ್ಜ ಬಿಡ್ತಿದ್ದ, ನಮ್ಮಪ್ಪ ಬಿಡ್ತಿದ್ದ, ನಾನೂ ಬಿಡ್ತೀನಿ. ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.”

ಅಧಿಕಾರಿ ನಕ್ಕ. ಹತ್ತೇ ದಿನದಲ್ಲಿ ಗಾರೆ ಹಾಕಿಸಿ ಮುಚ್ಚಿಸಿದ. ಉಳಿದ ನೀರಿನಲ್ಲಿ ಮೇಲಿನ ಊರಿನವರು ಹೊಸ ಗದ್ದೆ ಮಾಡಿದರು. ಅರಸ ಅವನಿಗೆ ಶಾಲು ಹೊದಿಸಿದ.

ಮರುವರ್ಷ ಚೈತ್ರದಲ್ಲಿ, ಎರಡು ಹರದಾರಿ ಕೆಳಗಿನ ಊರೊಂದರ ತಲಪರಿಗೆ ಬತ್ತಿತು. ತಲಪರಿಗೆಯೆಂದರೆ ಮರಳು ಬಗೆದರೆ ತಾನಾಗಿ ಉಕ್ಕುವ ಒರತೆ. ಆ ಊರು ಕುಡಿಯುತ್ತಿದ್ದುದು ಅದೊಂದನ್ನೇ. ಅಧಿಕಾರಿಗೆ ತಲೆಬುಡ ತಿಳಿಯಲಿಲ್ಲ. ಮಳೆ ಕೈಕೊಟ್ಟಿರಲಿಲ್ಲ, ತೂಬನ್ನು ಯಾರೂ ಮುಟ್ಟಿರಲಿಲ್ಲ. ಆ ಊರು ಹೊಳೆಯಿಂದ ಒಂದು ಕೊಡ ನೀರನ್ನೂ ಎತ್ತುತ್ತಿರಲಿಲ್ಲವಾದ್ದರಿಂದ ಅವನ ಕಡತದಲ್ಲಿ ಅದರ ಹೆಸರೇ ಇರಲಿಲ್ಲ. ಕಳ್ಳರಿರಬೇಕೆಂದು ಕಾವಲು ಹಾಕಿಸಿದ, ಯಾರೂ ಸಿಗಲಿಲ್ಲ. ನೀರು ಉಳಿಸಿದವನು ನಾನು, ನೀರಿಲ್ಲದವರು ಇವರು, ಇದಕ್ಕೂ ಅದಕ್ಕೂ ಏನು ಸಂಬಂಧ? ಯೋಚಿಸಿದಷ್ಟೂ ತಲೆ ಕೆಟ್ಟಿತು. ಬಡಪಾಯಿ ಊಟ ಬಿಟ್ಟು ದಡದುದ್ದಕ್ಕೂ ಅಲೆದ.

ಅಲೆಯುತ್ತ ಮೇಲಿನ ಊರಿಗೇ ಬಂದ. ನೀರುಗಂಟಿಯ ಜಗಲಿಯ ಮೇಲೆ ಒಬ್ಬ ಹೆಂಗಸು ಗಂಟುಮೂಟೆ, ಖಾಲಿ ಕೊಡ ಇಟ್ಟುಕೊಂಡು ಕೂತಿದ್ದಳು. ಪಕ್ಕದ ಮನೆಯಲ್ಲೂ ಹಾಗೆಯೇ ಒಬ್ಬಳು, ಎದುರು ಮನೆಯಲ್ಲಿ ಇಬ್ಬರು. ಊರಿನಲ್ಲಿ ಹಬ್ಬವೇ ಎಂದು ಅವನು ನೀರುಗಂಟಿಯನ್ನು ಕೇಳಿದ.

“ಎಲ್ಲಿಯ ಹಬ್ಬ ಸ್ವಾಮಿ. ಇವಳು ನನ್ನ ತಂಗಿ. ನಮ್ಮೂರ ಹೆಣ್ಣುಮಕ್ಕಳನ್ನ ಹಿಂದಿನಿಂದಲೂ ಕೊಡೋದು ಆ ಕೆಳಗಿನ ಊರಿಗೇ. ಅಲ್ಲಿ ಕುಡಿಯೋಕೆ ನೀರಿಲ್ಲ ಅಂತ ಎಲ್ಲ ತವರಿಗೆ...”

ನೀರುಗಂಟಿಯ ಮಾತು ಅಲ್ಲಿಗೇ ನಿಂತಿತು. ಇಬ್ಬರೂ ಹೊಂಗೆಮರದ ಕಡೆ ನೋಡಿದರು. ಅಧಿಕಾರಿ ಗುದ್ದಲಿ ಕೇಳಿ ಇಸಿದುಕೊಂಡು ತಾನೇ ಕಾಲುವೆಗೆ ಇಳಿದ. ಗಾರೆ ಒಡೆಯಲು ಒಂದು ದಿನ ಸಾಕಾಯಿತು. ಒರತೆ ಮತ್ತೆ ಉಕ್ಕಲು ಮೂರು ಮಳೆಗಾಲ ಬೇಕಾಯಿತು.

ಕತೆ ಮುಗಿಯಿತು. ಬೋರಲಿಂಗನ ಗೊಂದಲ ಇನ್ನಷ್ಟು ಹೆಚ್ಚಿತು. ಹಾಗಾದರೆ ಒಡ್ಡು ಕಟ್ಟಲೇಬಾರದೇ, ನಾಳೆ ಊರಿನವರಿಗೆ ಏನು ಹೇಳಲಿ ಎಂದು ಕೇಳಿದ. ಗುರು ಅವನ ಕಂಕುಳಲ್ಲಿದ್ದ ನಕ್ಷೆಯನ್ನು ಬೆರಳಿನಿಂದ ಮುಟ್ಟಿದರು.

“ಧಾರಾಳವಾಗಿ ಕಟ್ಟು; ಆದರೆ ನೀನು ‘ವ್ಯರ್ಥ’ ಎಂದು ಬರೆದಿದ್ದೀಯಲ್ಲ, ಆ ನೀರನ್ನು ಕುಡಿಯುತ್ತಿರುವವರು ಯಾರು, ಹೇಳು.”